ಉತಾರ ಯಾರ ಹೆಸರಿಲೆ ಅದ?

ಅಂಗಡಿಯ ಬೋರ್ಡು ಓದುವುದು ನನಗೆ ಹಳೆಯ ಚಟ. ಬಸ್ಸು ಇಂಡಿಯ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಎದುರು ಸಾಲಿನ ಅಷ್ಟೂ ಬೋರ್ಡು ಓದಿ ಮುಗಿಸಿರುತ್ತೇನೆ. ಮೊದಲು ತಲೆಯ ಮೇಲೆ ದೇವರ ಪ್ರಸನ್ನ, ನಡುವೆ ಅಂಗಡಿಯ ಹೆಸರು, ಕೆಳಗೆ ಪ್ರೊಪ್ರೈಟರು, ಫೋನ್ ನಂಬರು ಇಷ್ಟೇ ಇರುತ್ತಿತ್ತು. ಈಗ ಅದರ ಕೆಳಗೆ ಡಬ್ಲ್ಯು ಡಬ್ಲ್ಯು ಡಬ್ಲ್ಯು ಎಂದು ಶುರುವಾಗುವ ಇನ್ನೊಂದು ಸಾಲು ಸೇರಿದೆ. ಇದು ಬಂದ ಮೇಲೆ ನನ್ನ ಚಟಕ್ಕೆ ಹೊಸ ಹುರುಪು. ಬೋರ್ಡು ಓದಿದ ಕೂಡಲೇ ಮೊಬೈಲು ತೆಗೆದು ಆ ವಿಳಾಸ ಹೊಡೆಯುತ್ತೇನೆ, ಏನು ತೆರೆದುಕೊಳ್ಳುತ್ತದೋ ಎಂದು ಕಾಯುತ್ತೇನೆ.

ಬಹಳ ಸಲ ಏನೂ ತೆರೆಯುವುದಿಲ್ಲ. ಕೆಲವು ಸಲ ತೆರೆಯಬಾರದ್ದು ತೆರೆಯುತ್ತದೆ. ಉಪ್ಪಿನಕಾಯಿ ಮಾರುವವರ ವಿಳಾಸ ಹೊಡೆದರೆ ರಮ್ಮಿ ಆಡಲು ಕರೆಯುವ ಪುಟ ಬಂತು. ಬಟ್ಟೆ ಅಂಗಡಿಯೊಂದರ ಪುಟದ ತುಂಬ ಜಪಾನಿ ಅಕ್ಷರ. ಇನ್ನೊಂದು ಕಡೆ ‘ಇಂದಿನ ದರ’ ಎಂದು ಕೆಂಪು ಅಕ್ಷರ ಮಿನುಗುತ್ತಿತ್ತು. ಕೆಳಗಿದ್ದ ತಾರೀಕು ಕೊರೋನಾಕ್ಕಿಂತ ಹಿಂದಿನದು. ಮಾಲೀಕರು ಮಾತ್ರ ಗಲ್ಲೆಯ ಹಿಂದೆ ನಿಶ್ಚಿಂತೆಯಿಂದ ಕೂತಿರುತ್ತಾರೆ. ಅವರ ಅಂಗಡಿಯ ಹೆಸರಿನಲ್ಲಿ ಯಾರೋ ಇಸ್ಪೀಟು ಆಡಿಸುತ್ತಿರುವ ಸುದ್ದಿ ಅವರಿಗೆ ತಲುಪಿಯೇ ಇರುವುದಿಲ್ಲ.

ನಾನು ಎಂಜಿನಿಯರ್ ಅಲ್ಲ. ವಿಜಯಪುರದಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದ ಡಿಟಿಪಿ ಮನುಷ್ಯ. ಲಗ್ನಪತ್ರಿಕೆಯಿಂದ ಬಿಲ್ ಪುಸ್ತಕ, ಅಲ್ಲಿಂದ ಫ್ಲೆಕ್ಸು, ಫ್ಲೆಕ್ಸಿನಿಂದ ವೆಬ್‌ಸೈಟು, ಹೀಗೆ ಗಿರಾಕಿ ಕೇಳಿದ್ದನ್ನೆಲ್ಲ ಕಲಿಯುತ್ತ ಬಂದವನು. ಈಗೀಗ ಹೊಸದನ್ನು ಮಾಡುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೇ ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರು ಸುತ್ತಿದರೆ ನನ್ನ ಗಿರಾಕಿಗಳೆಲ್ಲ ಮುಗಿದರು. ನಾಲ್ಕೂ ಕಡೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದರ ಉತಾರ ಯಾರ ಹೆಸರಿಲೆ ಅದರಿ?’

ದಕ್ಷಿಣದವರು ಪಹಣಿ ಅನ್ನುವ ಉತಾರದ ವಿಷಯದಲ್ಲಿ ನಮ್ಮ ಮಂದಿಯಷ್ಟು ಎಚ್ಚರದವರು ಇನ್ನೊಬ್ಬರಿಲ್ಲ. ಎರಡೆಕರೆ ಹೊಲ ಇದ್ದವನೂ ವರ್ಷಕ್ಕೊಮ್ಮೆ ಉತಾರ ತೆಗೆಸಿ, ಯಾವ ಕಾಲಮ್ಮಿನಲ್ಲಿ ಯಾರ ಹೆಸರು ಕೂತಿದೆ ಎಂದು ನೋಡಿಯೇ ನಿದ್ದೆ ಮಾಡುತ್ತಾನೆ. ಹೆಸರಿನಲ್ಲಿ ಒಂದು ಕೊಂಬು ತಪ್ಪಿದ್ದರೆ ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಸವೆಸುತ್ತಾನೆ. ಅದೇ ಮನುಷ್ಯನಿಗೆ, ನಿಮ್ಮ ಅಂಗಡಿಯ ಹೆಸರು ಇಂಟರ್‌ನೆಟ್ಟಿನಲ್ಲಿ ಯಾರ ಖಾತೆಯಲ್ಲಿದೆ ಎಂದು ಕೇಳಿ ನೋಡಿ.

‘ಅದಾ? ಅವ ಹುಡುಗ ಮಾಡ್ಯಾನ್ರಿ. ಎಲ್ಲಾ ಅವಗ ಗೊತ್ತ.’

‘ಹುಡುಗ ಎಲ್ಲಿದ್ದಾನ್ರಿ?’

‘ಪುಣೇದಾಗ ನೌಕರಿ ಹತ್ತೇತಲ್ರಿ, ಹ್ವಾದ.’

ಹುಡುಗ ಕೆಟ್ಟವನಲ್ಲ. ಹೆಸರು ನೋಂದಾಯಿಸುವಾಗ ಯಜಮಾನರ ಬಳಿ ಇಮೇಲ್ ಇರಲಿಲ್ಲ, ತನ್ನ ಕಾಲೇಜಿನ ಇಮೇಲ್ ಕೊಟ್ಟ. ಯಜಮಾನರಿಗೆ ಕಾರ್ಡಿನಿಂದ ರೊಕ್ಕ ಕಟ್ಟಲು ಬರುತ್ತಿರಲಿಲ್ಲ, ತನ್ನ ಕಾರ್ಡಿನಿಂದಲೇ ಕಟ್ಟಿದ. ಕಾಲೇಜು ಮುಗಿಯಿತು, ಇಮೇಲ್ ನಿಂತಿತು. ‘ಅವಧಿ ಮುಗಿಯುತ್ತಿದೆ, ನವೀಕರಿಸಿ’ ಎಂಬ ಪತ್ರಗಳು ಯಾರೂ ಬಾಗಿಲು ತೆಗೆಯದ ಮನೆಗೆ ಬಂದು ಬಿದ್ದವು.

ಡೊಮೈನ್ ಎಂಬ ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ, ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ, ನೋಂದಾಯಿಸಿಕೊಳ್ಳುತ್ತೇವೆ. ಡಾಟ್ ಇನ್ ಹೆಸರುಗಳ ದಫ್ತರ ಇರುವುದು 2003ರಲ್ಲಿ ಹುಟ್ಟಿದ ನಿಕ್ಸಿ ಎಂಬ ಸಂಸ್ಥೆಯ ಬಳಿ. ಅವರು ನೇರವಾಗಿ ಮಾರುವುದಿಲ್ಲ, ರಿಜಿಸ್ಟ್ರಾರ್ ಎಂಬ ಕಂಪನಿಗಳ ಮೂಲಕ ಕೊಡುತ್ತಾರೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೂ ಕೆಲವು ವಾರ ಹಳೆಯ ದರಕ್ಕೇ ನವೀಕರಿಸಲು ಬಿಡುವುದು ವಾಡಿಕೆ. ಅದು ದಾಟಿದರೆ 30 ದಿನದ ಇನ್ನೊಂದು ಗಡುವು, ಆಗ ದಂಡ ಜೋರು. ಅದೂ ದಾಟಿದರೆ 5 ದಿನದಲ್ಲಿ ಹೆಸರು ಬಯಲಿಗೆ ಬೀಳುತ್ತದೆ, ಮೊದಲು ಎತ್ತಿಕೊಂಡವನದು. ಹೀಗೆ ಬೀಳುವ ಹೆಸರುಗಳಿಗೇ ಕಂಪ್ಯೂಟರ್ ಹಚ್ಚಿ ಹಗಲು ರಾತ್ರಿ ಕಾಯುವವರಿದ್ದಾರೆ. ನಾಲ್ಕಾರು ವರ್ಷ ನಡೆದ ಹೆಸರಿಗೆ ಹುಡುಕು ಯಂತ್ರಗಳಲ್ಲಿ ಒಂದಿಷ್ಟು ಮರ್ಯಾದೆ ಇರುತ್ತದೆ. ಆ ಮರ್ಯಾದೆ ಜೂಜಿನವರಿಗೆ ಬೇಕು. ಉಪ್ಪಿನಕಾಯಿ ಅಂಗಡಿಯಲ್ಲಿ ರಮ್ಮಿ ಶುರುವಾಗುವುದು ಹೀಗೆ.

ಆದ್ದರಿಂದ ಹೆಸರು ನಿಮ್ಮ ಹೆಸರಲ್ಲಿರಲಿ, ನಿಮ್ಮ ಮೊಬೈಲಿಗೆ ಒಟಿಪಿ ಬರಲಿ, ನಿಮ್ಮ ಇಮೇಲಿಗೆ ಪತ್ರ ಬರಲಿ. ಆ ಇಮೇಲ್ ಅದೇ ಡೊಮೈನಿನದು ಆಗಬಾರದು; ಡೊಮೈನ್ ನಿಂತ ದಿನ ಇಮೇಲೂ ನಿಂತು, ಎಚ್ಚರಿಸುವ ಪತ್ರವೇ ಬರುವುದಿಲ್ಲ. ವರ್ಷವರ್ಷವೂ ನೆನಪಿಡುವ ಗೋಜು ಬೇಡವೆಂದರೆ ಒಮ್ಮೆಗೇ ಐದು ವರ್ಷಕ್ಕೆ ಕಟ್ಟಿಬಿಡಿ. ಪುಣೆಯ ಹುಡುಗನಿಗೆ ಫೋನಿನಲ್ಲಿ ಜಗಳ ಬೇಡ. ದೀಪಾವಳಿಗೋ ಊರ ಜಾತ್ರೆಗೋ ಬಂದೇ ಬರುತ್ತಾನೆ. ಆಗ ಶೇಂಗಾ ಉಂಡಿ ಕೊಟ್ಟು ಎದುರಿಗೆ ಕೂಡಿಸಿಕೊಂಡು, ವರ್ಗಾವಣೆಯ ಕೋಡ್ ತೆಗೆಸಿಕೊಳ್ಳಬೇಕು. ಅರ್ಧ ತಾಸಿನ ಕೆಲಸ. ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಹೆಸರಾದರೆ ಮೊದಲ 60 ದಿನ ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ. ಹಳೆಯದಕ್ಕೆ ಆ ಅಡ್ಡಿ ಇಲ್ಲ.

ಹೋಸ್ಟಿಂಗ್ ಬೇರೆ, ಡೊಮೈನ್ ಬೇರೆ ಎನ್ನುವುದನ್ನು ಪ್ರತಿ ಊರಲ್ಲೂ ಹೇಳಬೇಕಾಗುತ್ತದೆ. ಡೊಮೈನ್ ಎಂದರೆ ಹೆಸರು, ಹೋಸ್ಟಿಂಗ್ ಎಂದರೆ ಪುಟಗಳನ್ನು ಇಟ್ಟ ಯಂತ್ರದ ಬಾಡಿಗೆ. ಎರಡಕ್ಕೂ ಬೇರೆ ಬೇರೆ ಬಿಲ್ಲು, ಬೇರೆ ಬೇರೆ ತಾರೀಕು. ‘ಮೊನ್ನೆ ರೊಕ್ಕಾ ಕಟ್ಟೀನಲ್ರಿ, ಮತ್ಯಾಕ ಬಂದ್ ಆತು?’ ಎಂದು ಕೇಳುವವರೆಲ್ಲ ಒಂದಕ್ಕೆ ಕಟ್ಟಿ ಇನ್ನೊಂದನ್ನು ಮರೆತವರು.

ಕೆಲವರು ಇನ್ನೂ ಜಾಣರು. ‘ನಮಗ್ಯಾಕ್ರಿ ಈ ಡೊಮೈನು ಗಿಮೈನು? ಗೂಗಲ್‌ದವರು ಪುಕ್ಕಟೆ ಕೊಡ್ತಾರ’ ಎಂದು ತಮ್ಮ ವ್ಯಾಪಾರದ ಪ್ರೊಫೈಲಿನ ಜೊತೆಗೇ ಬರುತ್ತಿದ್ದ ಒಂದು ಪುಟದ ವೆಬ್‌ಸೈಟ್ ಮಾಡಿಕೊಂಡಿದ್ದರು. ಗೂಗಲ್ ಆ ಸೌಲಭ್ಯವನ್ನೇ 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಮುಂಚೆ ತಿಳಿಸಿಯೇ ನಿಲ್ಲಿಸಿತು, ಜೂನ್‌ವರೆಗೆ ಹಳೆಯ ವಿಳಾಸ ಹೊಡೆದವರನ್ನು ಪ್ರೊಫೈಲಿಗೆ ಕಳಿಸುವ ವ್ಯವಸ್ಥೆಯನ್ನೂ ಇಟ್ಟಿತ್ತು. ಆಮೇಲೆ ಆ ವಿಳಾಸ ಹಾಕಿಸಿದ ವಿಸಿಟಿಂಗ್ ಕಾರ್ಡು, ಚೀಲ, ಕ್ಯಾಲೆಂಡರುಗಳೆಲ್ಲ ರದ್ದಿಗೆ. ಪುಕ್ಕಟೆ ಸಿಕ್ಕದ್ದನ್ನು ಬಳಸಬಾರದು ಅನ್ನುವುದಿಲ್ಲ. ನಕ್ಷೆಯಲ್ಲಿ ಅಂಗಡಿ ತೋರಿಸುವ ಆ ಪ್ರೊಫೈಲ್ ಈಗಲೂ ಪುಕ್ಕಟೆಯೇ, ಎಲ್ಲರೂ ಮಾಡಿಸಿಕೊಳ್ಳಲೇಬೇಕಾದ್ದು. ಆದರೆ ಬೋರ್ಡಿನ ಮೇಲೆ ಬರೆಸುವ ವಿಳಾಸ ಮಾತ್ರ ಸ್ವಂತದ್ದಾಗಿರಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳಿಗೂ ಇದೇ ಮಾತು.

ಈ ಜಿಲ್ಲೆಗೆ ಇದು ಹೊಸ ಪಾಠವೂ ಅಲ್ಲ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳನ್ನು, ಉಳಿದ ಶರಣರ ವಚನಗಳನ್ನು ತಾಳೆಗರಿಯಿಂದ ಹೆಕ್ಕಿ ತೆಗೆದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು. ಅಚ್ಚಿಗೆ ಕಂಡವರನ್ನು ನೆಚ್ಚಿ ಕೂರಲಿಲ್ಲ. ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಅವರು ಪಟ್ಟ ಪಾಡಿನ ಮುಂದೆ ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿಯ ಡೊಮೈನ್ ಯಾವ ಲೆಕ್ಕ? ಮನೆ ಮಾರಬೇಕಿಲ್ಲ, ಹುಡುಗನಿಗೆ ಫೋನು ಮಾಡಿದರಾಯಿತು.

ಬಾಗೇವಾಡಿಯ ಹೆಸರು ಬಂತು, ಅಲ್ಲಿಯ ಒಂದು ಲಾಡ್ಜಿನ ಕಥೆ ಹೇಳಬೇಕು. ದೇವಸ್ಥಾನಕ್ಕೆ ಸೊಲ್ಲಾಪುರ, ಲಾತೂರು, ಬೀದರ ಕಡೆಯಿಂದ ಬರುವ ಭಕ್ತರೇ ಅದರ ಗಿರಾಕಿಗಳು. ಮಾಲೀಕರು ಕಳಿಸಿದ ವಿವರವನ್ನು ಯಾರೋ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದು, ಅದನ್ನೇ ಎತ್ತಿ ವೆಬ್‌ಸೈಟಿಗೆ ಅಂಟಿಸಿದ್ದರು. ಹಾಕಿದವರ ಕಂಪ್ಯೂಟರಿನಲ್ಲಿ ಆ ಫಾಂಟು ಇತ್ತು, ಅಲ್ಲಿ ಚೆಂದದ ಕನ್ನಡ ಕಂಡಿತು. ಬೇರೆಯವರ ಮೊಬೈಲಿನಲ್ಲಿ ತಲೆಯ ಮೇಲೆ ಚುಕ್ಕೆ, ಗೆರೆ, ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನಾನು ಡಿಟಿಪಿಯವನಾದ್ದರಿಂದ ಈ ರೋಗ ನನಗೆ ಮುಖ ನೋಡಿದರೇ ಗೊತ್ತಾಗುತ್ತದೆ. ಆ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚಿತ್ರ ಇಂಗ್ಲಿಷ್ ಅಕ್ಷರದ ಅಂಕೆಯ ಮೇಲೆ ಕೂತಿರುತ್ತದೆ. ಫಾಂಟು ತೆಗೆದರೆ ಕೆಳಗಿನದು ಬಯಲಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಅಂಕೆ ಇದೆ, ಹಾಗಾಗಿ ಯಾವ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಬೇಕು; ಯಂತ್ರ ಅಲ್ಲಲ್ಲಿ ಎಡವುತ್ತದೆ.

ಇದಕ್ಕಿಂತ ಕೆಟ್ಟ ಅಭ್ಯಾಸವೂ ಒಂದಿದೆ: ಫ್ಲೆಕ್ಸಿಗೆ ಮಾಡಿಸಿದ ಡಿಸೈನನ್ನೇ ಇಡಿಯಾಗಿ ವೆಬ್‌ಸೈಟಿಗೆ ಹಾಕಿಬಿಡುವುದು. ರೇಟು, ಫೋನು, ವಿಳಾಸ ಎಲ್ಲವೂ ಒಂದು ಚಿತ್ರದೊಳಗೆ. ಫ್ಲೆಕ್ಸು ಹತ್ತಡಿಯದು, ಮೊಬೈಲು ಅಂಗೈಯಗಲದ್ದು. ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಓದಬೇಕು. ಫೋನ್ ನಂಬರಿನ ಮೇಲೆ ಒತ್ತಿದರೆ ಫೋನು ಹೋಗುವುದಿಲ್ಲ. ಚಿತ್ರದೊಳಗಿನ ಅಕ್ಷರವನ್ನು ಹುಡುಕು ಯಂತ್ರ ನೆಟ್ಟಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಸಿಗುವುದಿಲ್ಲ. ಅಕ್ಷರ ಅಕ್ಷರವಾಗಿಯೇ ಇರಲಿ, ಚಿತ್ರ ಚಿತ್ರವಾಗಿ ಇರಲಿ.

ಚಿತ್ರಗಳ ತೂಕದ ಮಾತೂ ಇದೆ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅಂಥವನ್ನು ಇಪ್ಪತ್ತು ಹಾಕಿ, ಅವು ತಾವೇ ಸರಿದಾಡುವಂತೆಯೂ ಮಾಡಿದರೆ, ಭೀಮಾ ದಂಡೆಯ ಹಳ್ಳಿಯಲ್ಲಿ ನೆಟ್‌ವರ್ಕಿನ ಒಂದೇ ಕಡ್ಡಿ ಹಿಡಿದು ನಿಂತ ರೈತನ ಮೊಬೈಲಿನಲ್ಲಿ ಬಿಳೀ ಪರದೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದೇ ಫೋಟೋವನ್ನು ಸಣ್ಣದು ಮಾಡಿ 150 ಕೆಬಿಗೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ವೆಬ್‌ಸೈಟ್ ಮಾಡಿದವನ ದೊಡ್ಡ ಕಂಪ್ಯೂಟರಿನಲ್ಲಿ, ವೈಫೈಯಲ್ಲಿ ನೋಡಿ ‘ಮಸ್ತ್ ಆಗೇತಿ’ ಎಂದು ರೊಕ್ಕ ಎಣಿಸಬೇಡಿ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನ ಮೊಬೈಲಿನಲ್ಲಿ, ಅದೂ ವೈಫೈ ತೆಗೆದು, ತೆರೆಸಿ ನೋಡಿ. ಅಲ್ಲಿ ಬೇಗ ಬಂದರೆ ಎಲ್ಲಿಯೂ ಬರುತ್ತದೆ.

ಪುಟದಲ್ಲಿ ಏನು ಬರೆಯಬೇಕು? ‘ನಮ್ಮ ಧ್ಯೇಯ’, ‘ನಮ್ಮ ದೂರದೃಷ್ಟಿ’ ಎಂಬ ಪುಟಗಳನ್ನು ನಾನು ಕಂಡಲ್ಲೆಲ್ಲ ಅಳಿಸುತ್ತೇನೆ. ಕಿರಾಣಿ ಅಂಗಡಿಗೆ ಎಂಥ ದೂರದೃಷ್ಟಿ? ಒಂದು ವಾರ ಅಂಗಡಿಗೆ ಬರುವ ಫೋನುಗಳನ್ನು ಕಿವಿಗೊಟ್ಟು ಕೇಳಿ. ಎಷ್ಟು ಗಂಟೆಗೆ ತೆಗೀತೀರಿ, ಅಮಾವಾಸ್ಯೆಗೆ ಬಂದ್ ಇರ್ತದೇನು, ಹೆಂಗ ಬರಬೇಕು, ಪಾರ್ಸೆಲ್ ಕಳಸ್ತೀರೇನು, ಎಷ್ಟು ಹಿಡೀತದ. ಮಂದಿ ಕೇಳುವುದು ಇವನ್ನೇ. ಇವಕ್ಕೆ ಉತ್ತರ ಮೊದಲ ಪುಟದಲ್ಲೇ ಇರಬೇಕು.

‘ಹೆಂಗ ಬರಬೇಕು’ ಎಂಬುದು ನಮ್ಮ ಊರುಗಳಲ್ಲಿ ಸಣ್ಣ ಪ್ರಶ್ನೆಯಲ್ಲ. ರೈಲ್ವೆಯವರು ಒಂದು ಸ್ಟೇಷನ್ನಿಗೆ ಇಂಡಿ ರೋಡ್ ಎಂದೂ ಇನ್ನೊಂದಕ್ಕೆ ಬಸವನ ಬಾಗೇವಾಡಿ ರೋಡ್ ಎಂದೂ ಹೆಸರಿಟ್ಟಿದ್ದಾರೆ. ಪರಊರಿನವರು ಇಳಿದು ಊರು ಹುಡುಕುತ್ತಾರೆ, ಕಾಣುವುದು ರೋಡು ಮಾತ್ರ. ಸಿಂದಗಿ, ಮುದ್ದೇಬಿಹಾಳಕ್ಕೆ ರೈಲೇ ಇಲ್ಲ. ಆದ್ದರಿಂದ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಅಲ್ಲಿಂದ ಬಸ್ಸೋ ಜೀಪೋ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬರೆದರೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಡ. ಬಾಗೇವಾಡಿಯ ಲಾಡ್ಜಿನಲ್ಲಿ ಈ ಒಂದು ಪ್ಯಾರಾವನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಹಾಕಿದೆವು. ‘ಈಗ ದಾರಿ ಕೇಳೂ ಫೋನ್ ಕಮ್ಮಿ ಆಗ್ಯಾವ, ರೂಮ್ ಕೇಳೂ ಫೋನ್ ಬರ್ತಾವ’ ಎಂದರು ಮಾಲೀಕರು.

ವಿಳಾಸವೂ ಒಂದು ಗೊಂದಲ. ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರ ಆಯಿತು. ಆಮೇಲೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ಆಲಮೇಲ ಮತ್ತು ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಬೇರೆ ತಾಲ್ಲೂಕುಗಳಾದವು. ವೆಬ್‌ಸೈಟುಗಳಲ್ಲಿ ಇನ್ನೂ ಹಳೆಯ ತಾಲ್ಲೂಕು, ಹಳೆಯ ಜಿಲ್ಲೆ. ಹುಡುಕುವವನೂ ಪಾಪ ಏನು ಮಾಡಿಯಾನು? ಇಂಗ್ಲಿಷಿನಲ್ಲಿ ಬಿಜಾಪುರ ಎಂದು ಹೊಡೆದರೆ ಛತ್ತೀಸಗಡದ ಬಿಜಾಪುರ ಜಿಲ್ಲೆಯೂ ಎದುರಿಗೆ ಬರುತ್ತದೆ. ಇಂಡಿ ಎಂದು ಹೊಡೆದರೆ, ನಾವು ತಪ್ಪು ಹೊಡೆದೆವೆಂದು ತಿಳಿದು ಗೂಗಲ್ಲೇ ಇಂಡಿಯಾ ಎಂದು ತಿದ್ದಲು ಬರುತ್ತದೆ! ಅದಕ್ಕೇ ವಿಳಾಸದಲ್ಲಿ ಊರು, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಎಲ್ಲ ಪೂರ್ತಿ ಇರಬೇಕು: ಇಂಡಿಗೆ 586209, ಮುದ್ದೇಬಿಹಾಳಕ್ಕೆ 586212. ‘ವಿಜಯಪುರ (ಬಿಜಾಪುರ)’ ಎಂದು ಎರಡೂ ಹೆಸರು ಬರೆದರೆ ಯಾರ ಅಭಿಮಾನಕ್ಕೂ ಧಕ್ಕೆಯಾಗುವುದಿಲ್ಲ. ವೆಬ್‌ಸೈಟಿನಲ್ಲಿ, ನಕ್ಷೆಯ ಪ್ರೊಫೈಲಿನಲ್ಲಿ, ಬಿಲ್ಲಿನಲ್ಲಿ ಅಂಗಡಿಯ ಹೆಸರು, ವಿಳಾಸ, ನಂಬರು ಒಂದೇ ಥರ ಇರಲಿ. ಸೊನ್ನೆ ಎಂಟು ಮೂರು ಐದು ಒಂಬತ್ತು ಎಂದು ಶುರುವಾಗುವ ಇಂಡಿಯ ಹಳೆಯ ಲ್ಯಾಂಡ್‌ಲೈನ್ ನಂಬರುಗಳು ಇನ್ನೂ ಎಷ್ಟೋ ಪುಟಗಳಲ್ಲಿವೆ. ಫೋನಿನ ಡಬ್ಬಿ ಮನೆಯಿಂದ ಹೋಗಿ ಯಾವ ಕಾಲವಾಯಿತು.

ಇಂಡಿಯ ನಿಂಬೆ ವ್ಯಾಪಾರಿಗಳದು ಬೇರೆಯೇ ತಕರಾರು. ನಿಂಬೆ ನಮ್ಮಲ್ಲಿ ಸಾವಿರ ಕಾಯಿಯ ಲೆಕ್ಕ. ಬೇಸಿಗೆಯಲ್ಲಿ ಏರಿದ ದರ ಮಳೆ ಬಿದ್ದ ಮೇಲೆ ನೆಲ ಕಚ್ಚುತ್ತದೆ, ಮುಂಜಾನೆಯ ದರ ಸಂಜೆಗೆ ಇರುವುದಿಲ್ಲ. ಇಂಥಲ್ಲಿ ದರವನ್ನು ವೆಬ್‌ಸೈಟಿಗೆ ಹಾಕಬೇಕೇ? ದಿನಾ ಬದಲಿಸುವ ಮನುಷ್ಯ ಮನೆಯಲ್ಲಿದ್ದರೆ ಹಾಕಿ, ತಾರೀಕಿನೊಂದಿಗೆ. ಇಲ್ಲದಿದ್ದರೆ ‘ದರಕ್ಕೆ ಈ ನಂಬರಿಗೆ ವಾಟ್ಸ್ಆ್ಯಪ್ ಮಾಡಿ’ ಎಂದು ಬರೆದು ಸುಮ್ಮನಾಗಿ. ಹಳಸಿದ ದರ ನೋಡಿದ ಹೈದರಾಬಾದಿನ ಕೊಳ್ಳುವವನಿಗೆ ‘ಈ ಅಂಗಡಿ ಬಾಗಿಲು ಹಾಕ್ಯಾರ’ ಎಂದೇ ಅನಿಸುತ್ತದೆ.

ಇಂಡಿ ನಿಂಬೆಗೆ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಬಂದ ಮೇಲೆ ಎಲ್ಲರಿಗೂ ಆ ಗುರುತನ್ನು ಪುಟದ ತಲೆಗೆ ಹಚ್ಚುವ ಉಮೇದು. ಅಲ್ಲಿ ಸ್ವಲ್ಪ ತಡೆಯಿರಿ. 1999ರ ಕಾಯ್ದೆಯ ಪ್ರಕಾರ ಆ ಹೆಸರನ್ನು, ಗುರುತನ್ನು ಬಳಸುವವರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ಊರು ಇಂಡಿ, ತೋಟ ಇಂಡಿಯಲ್ಲಿದೆ ಎಂದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ನಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ, ಹೋಗಿ ಕೇಳಿ, ಅರ್ಜಿ ಹಾಕಿ, ನೋಂದಣಿ ಆದ ಮೇಲೆ ಹಚ್ಚಿದರಾಯಿತು.

ಮುದ್ದೇಬಿಹಾಳದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಒಬ್ಬರು ದೊಡ್ಡ ವೆಬ್‌ಸೈಟ್ ಮಾಡಿಸಬೇಕೆಂದು ಕರೆಸಿದ್ದರು. ಪ್ರತಿ ಬೋಲ್ಟಿಗೂ ಫೋಟೋ, ಪ್ರತಿ ಬೇರಿಂಗಿಗೂ ಪುಟ ಬೇಕಂತೆ. ‘ಗಿರಾಕಿ ಎಲ್ಲಿಂದ ಬರ್ತಾರ್ರಿ ಅಣ್ಣಾರ?’ ಎಂದೆ. ‘ಎಲ್ಲಿಂದ ಅಂದ್ರ, ಸುತ್ತಲಿನ ಹಳ್ಳಿಯಿಂದರಿ. ಗಾಡಿ ಹೊಲದಾಗ ನಿಂತಿರತೈತಿ, ಓಡಿ ಬರ್ತಾರ.’ ಹೊಲದಲ್ಲಿ ಗಾಡಿ ನಿಲ್ಲಿಸಿಕೊಂಡವನು ವೆಬ್‌ಸೈಟ್ ಓದುತ್ತ ಕೂರುವುದಿಲ್ಲ. ಅವನಿಗೆ ಬೇಕಾದ್ದು ಅಂಗಡಿ ತೆರೆದಿದೆಯೇ, ಸಾಮಾನು ಇದೆಯೇ ಎಂಬುದು. ನಕ್ಷೆಯ ಪ್ರೊಫೈಲ್ ಸರಿಪಡಿಸಿ, ವೇಳೆ ಹಾಕಿ, ವಾಟ್ಸ್ಆ್ಯಪ್‌ನ ವ್ಯಾಪಾರದ ಆ್ಯಪಿನಲ್ಲಿ ಸಾಮಾನಿನ ಪಟ್ಟಿ ಏರಿಸಿ ಕೊಟ್ಟು ಬಂದೆ. ವೆಬ್‌ಸೈಟು ಬೇಡವೆಂದು ಹೇಳುವ ವೆಬ್‌ಸೈಟಿನವನನ್ನು ಅವರು ಮೊದಲ ಸಲ ನೋಡಿದ್ದರಂತೆ. ಚಹಾ ಎರಡು ಸಲ ಬಂತು.

ಮಾಡಿಸಿಕೊಂಡವರು ಮಾತ್ರ ಕಾಯಲೇಬೇಕು. ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ಸಿನವು. ನಮ್ಮ ಊರುಗಳಲ್ಲೂ ನಾನು ಕಾಣುವುದು ಹೆಚ್ಚಾಗಿ ಅದನ್ನೇ. ಅದಕ್ಕೂ ಅದರ ಪ್ಲಗಿನ್‌ಗಳಿಗೂ ಆಗಾಗ ಅಪ್‌ಡೇಟ್ ಬರುತ್ತದೆ. ಬಂದಾಗ ಹಾಕಬೇಕು, ಏಕೆಂದರೆ ಅಪ್‌ಡೇಟ್ ಬಂತೆಂದರೆ ಹಳೆಯದರಲ್ಲಿ ಎಲ್ಲಿ ತೂತಿತ್ತು ಎಂಬುದು ಕಳ್ಳರಿಗೂ ತಿಳಿದಂತೆ. ಅವರು ನಿಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುವುದಿಲ್ಲ; ತೂತಿರುವ ಸೈಟು ಎಲ್ಲೆಲ್ಲಿದೆ ಎಂದು ಯಂತ್ರ ಬಿಟ್ಟು ನೋಡುತ್ತಾರೆ. ಬಟ್ಟೆ ಅಂಗಡಿಯ ಪುಟದಲ್ಲಿ ಜಪಾನಿ ಅಕ್ಷರ ಬಂದದ್ದು ಹಾಗೆ. ನಕಲಿ ಮಾಲು ಮಾರುವವರು ಸಾವಿರಾರು ಪುಟಗಳನ್ನು ಒಳಗೆ ತುರುಕಿದ್ದರು. ರೊಕ್ಕದ ಥೀಮನ್ನು ಪುಕ್ಕಟೆ ಕೊಡುತ್ತೇವೆಂದು ಟೆಲಿಗ್ರಾಮಿನಲ್ಲಿ ಸಿಗುವುದನ್ನು ಹಾಕಿಸಿಕೊಳ್ಳಬೇಡಿ, ಕಳ್ಳ ಅದರೊಳಗೇ ಕೂತು ಬರುತ್ತಾನೆ. ಅಂಗಡಿಯ ಹೆಸರಿನ ಮುಂದೆ ಒಂದು ಎರಡು ಮೂರು ಹಚ್ಚಿ ಪಾಸ್‌ವರ್ಡ್ ಮಾಡುವುದಂತೂ ಈ ನಾಲ್ಕೂ ಊರಿನ ಸಾಮಾನ್ಯ ಸಂಪ್ರದಾಯ. ಬೇಡ. ಉದ್ದನೆಯದೊಂದು ಇಟ್ಟು, ಲಾಗಿನ್ ಆಗುವಾಗ ಮೊಬೈಲಿಗೂ ಕೋಡ್ ಬರುವಂತೆ ಮಾಡಿ.

ಬ್ಯಾಕಪ್ ಇದೆಯೇ ಎಂದರೆ ‘ಹೋಸ್ಟಿಂಗ್‌ದವರ ಕಡೆ ಅದರಿ’ ಎನ್ನುತ್ತಾರೆ. ಅವರ ಖಾತೆಯೇ ಮುಚ್ಚಿದರೆ ಬ್ಯಾಕಪ್ಪೂ ಅದರೊಂದಿಗೇ ಹೋಯಿತು. ತಿಂಗಳಿಗೊಂದು ಪ್ರತಿ ನಿಮ್ಮ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇಳಿಯಲಿ, ಅದನ್ನು ವರ್ಷಕ್ಕೊಮ್ಮೆ ಎಲ್ಲಾದರೂ ಏರಿಸಿ ತೆರೆಯುತ್ತದೆಯೇ ನೋಡಿ. ಎಲ್ಲ ಕಳೆದುಕೊಂಡವರಿಗೆ ಒಂದು ಕೊನೆಯ ದಾರಿ ಇದೆ. ಇಂಟರ್‌ನೆಟ್ ಆರ್ಕೈವ್ ಎಂಬ ಗ್ರಂಥಾಲಯದವರು 1996ರಿಂದ ಜಗತ್ತಿನ ವೆಬ್ ಪುಟಗಳ ಪ್ರತಿ ತೆಗೆದಿಡುತ್ತ ಬಂದಿದ್ದಾರೆ. ಅಲ್ಲಿ ಹಳೆಯ ವಿಳಾಸ ಹೊಡೆದು ತಾಳಿಕೋಟೆಯ ಒಂದು ಅಂಗಡಿಯ ಪೂರ್ತಿ ಬರಹವನ್ನು ವಾಪಸು ತೆಗೆದಿದ್ದೇನೆ. ಆದರೆ ಅವರು ಪ್ರತಿ ಸೈಟನ್ನೂ ತೆಗೆದಿಟ್ಟಿರುತ್ತಾರೆಂಬ ಭರವಸೆ ಇಲ್ಲ.

ಬೀಗದ ಗುರುತಿನ ವಿಷಯ: 2018ರ ಜುಲೈಯಿಂದ ಕ್ರೋಮ್ ಬ್ರೌಸರು, ಎಸ್‌ಎಸ್‌ಎಲ್ ಪ್ರಮಾಣಪತ್ರ ಇಲ್ಲದ ಸೈಟುಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚುತ್ತಿದೆ. ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನವರಿಂದ ಪುಕ್ಕಟೆ ಸಿಗುತ್ತದೆ. ಅದರ ಸಾಮಾನ್ಯ ಬಾಳಿಕೆ 90 ದಿನ. ಯಾವ ಕಂಪನಿಯ ಪ್ರಮಾಣಪತ್ರವೇ ಆಗಲಿ, 2029ರ ಹೊತ್ತಿಗೆ 47 ದಿನಕ್ಕಿಂತ ಹೆಚ್ಚು ಬಾಳಬಾರದೆಂದು ಬ್ರೌಸರಿನವರೂ ಪ್ರಮಾಣಪತ್ರ ಕೊಡುವವರೂ ಕೂಡಿ ತೀರ್ಮಾನಿಸಿದ್ದಾರೆ. ಇದನ್ನು ಕೈಯಿಂದ ಮಾಡುತ್ತ ಕೂರುವುದು ಆಗದ ಮಾತು. ತಾನಾಗಿ ನವೀಕರಣವಾಗುವಂತೆ ಇಟ್ಟುಕೊಡುವ ಹೋಸ್ಟಿಂಗನ್ನೇ ಹಿಡಿಯಿರಿ.

ಸಿಂದಗಿಯಲ್ಲಿ ಒಬ್ಬ ಅಕ್ಕಾರಿದ್ದಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮಾಡಿ ಬೆಂಗಳೂರು, ಪುಣೆಗೆಲ್ಲ ಕಳಿಸುತ್ತಾರೆ. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡ್ ಕಟ್ಟಿತು. ಇವರಿಗೆ ಅಂಥ ಬೆಂಬಲವೇನೂ ಇಲ್ಲ, ಸೊಸೆ ಇದ್ದಾಳೆ. ನನ್ನ ಗಿರಾಕಿಗಳಲ್ಲೆಲ್ಲ ವೆಬ್‌ಸೈಟನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡವರು ಈ ಅತ್ತೆ-ಸೊಸೆ. ತಿಂಗಳಿಗೊಮ್ಮೆ ಸೊಸೆ ತಾನೇ ಪರಊರಿನವಳಂತೆ ತನ್ನ ಸೈಟಿನಲ್ಲಿ ಒಂದು ಪಾಕೀಟು ಹಿಂಡಿ ಆರ್ಡರ್ ಮಾಡುತ್ತಾಳೆ. ರೊಕ್ಕ ಕಟ್ಟುವವರೆಗೂ ಹೋಗಿ, ಮೆಸೇಜು ಬಂತೇ, ಆರ್ಡರು ತಮಗೆ ತಲುಪಿತೇ ಎಂದು ನೋಡುತ್ತಾಳೆ. ಒಮ್ಮೆ ಆರ್ಡರಿನ ಇಮೇಲುಗಳೆಲ್ಲ ಸ್ಪ್ಯಾಮಿಗೆ ಹೋಗಿ ಬೀಳುತ್ತಿದ್ದದ್ದು ಗೊತ್ತಾದದ್ದೇ ಹೀಗೆ. ಪಾಕೀಟಿನ ಮೇಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ತೂಕ, ಎಂಆರ್‌ಪಿ ಸೈಟಿನಲ್ಲೂ ಇವೆ. 2020ರ ಇ-ಕಾಮರ್ಸ್ ನಿಯಮ ಕೇಳುವಂತೆ ವಿಳಾಸ, ದೂರು ಕೇಳುವವರ ಹೆಸರು, ವಾಪಸಾತಿಯ ಷರತ್ತು ಇವೆ. ಆ ಷರತ್ತಿನ ಪುಟಕ್ಕೆ ಸೊಸೆ ಇಟ್ಟ ಹೆಸರು ‘ರೊಟ್ಟಿ ಮುರಿದು ಬಂದರೆ?’ ಅತಿ ಹೆಚ್ಚು ಮಂದಿ ಓದುವ ಪುಟ ಅದೇ ಅಂತೆ. ಗಿರಾಕಿಗಳ ಫೋನ್ ನಂಬರುಗಳನ್ನು ಹಬ್ಬದ ಶುಭಾಶಯಕ್ಕೆ ಬಳಸಬಹುದೇ ಎಂದು ನನ್ನನ್ನು ಕೇಳಿದ್ದಳು. ಕೇಳದೆ ಬಳಸಬಾರದು, 2023ರಲ್ಲಿ ಅದಕ್ಕೊಂದು ಕಾಯ್ದೆಯೇ ಆಗಿದೆ ಎಂದೆ. ‘ಹಂಗಾದ್ರ ಆರ್ಡರ್ ಮಾಡೂ ಮುಂದನ ಕೇಳಿಬಿಡೂನ್ರಿ’ ಎಂದು ಒಂದು ಟಿಕ್ ಹಾಕುವ ಚೌಕ ಮಾಡಿಸಿದಳು.

ಅವರ ಮನೆಯಲ್ಲಿ ಡೊಮೈನಿನ ತಾರೀಕು ದಸರೆಗೆ ಮುಂಚೆ ಬರುವಂತೆ ಇಟ್ಟಿದ್ದೇವೆ. ಆಯುಧಪೂಜೆಗೆ ಗಿರಣಿ, ತಕ್ಕಡಿ ಎಲ್ಲ ತೊಳೆಯುವಾಗ ವೆಬ್‌ಸೈಟೂ ಒಮ್ಮೆ ಕೈಗೆ ಬರುತ್ತದೆ. ಫೋನ್ ನಂಬರು, ದರ, ಫೋಟೋ, ಪಾಸ್‌ವರ್ಡು, ಬ್ಯಾಕಪ್ಪು ಎಲ್ಲ ಆ ದಿನವೇ ನೋಡಿ ಮುಗಿಸುತ್ತಾರೆ. ‘ನಿಮ್ಮ ಡೊಮೈನ್ ಇವತ್ತೇ ಮುಗಿಯುತ್ತದೆ, ಇಲ್ಲಿ ಒತ್ತಿ ರೊಕ್ಕ ಕಟ್ಟಿ’ ಎಂದು ನಡುವೆ ಬರುವ ಸುಳ್ಳು ಇಮೇಲುಗಳಿಗೆ ಆಗ ಹೆದರಿಕೆ ಇರುವುದಿಲ್ಲ, ನಿಜವಾದ ತಾರೀಕು ಕ್ಯಾಲೆಂಡರಿನ ಮೇಲೆ ಬರೆದಿರುತ್ತದಲ್ಲ. ‘ಗೂಗಲ್‌ನಲ್ಲಿ ನಿಮ್ಮನ್ನು ಮೊದಲ ಪುಟಕ್ಕೆ ತರುತ್ತೇವೆ’ ಎಂದು ದಿಲ್ಲಿಯಿಂದ ಬರುವ ಫೋನುಗಳಿಗೆ ಅತ್ತೆಯೇ ಉತ್ತರ ಕೊಡುತ್ತಾರೆ. ಇವರ ಕನ್ನಡ ಫೋನು ಮಾಡಿದವರಿಗೆ ತಿಳಿಯುವುದಿಲ್ಲ, ಅವರ ಹಿಂದಿ ಇವರಿಗೆ ಬೇಕಿಲ್ಲ.

ಮೊನ್ನೆ ಇಂಡಿಯಲ್ಲಿ, ನಿಂಬೆ ವ್ಯಾಪಾರದ ಒಬ್ಬ ಹಿರಿಯ ಕಾಕಾರ ಡೊಮೈನನ್ನು ಪುಣೆಯ ಹುಡುಗನಿಂದ ಬಿಡಿಸಿ ಅವರ ಹೆಸರಿಗೆ ಹಚ್ಚಿಕೊಟ್ಟೆ. ಕಾಕಾ ಪಾಸ್‌ವರ್ಡನ್ನು ಕಿರ್ದಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಸಿಕೊಂಡರು, ಪುಸ್ತಕವನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: ‘ತಮ್ಮಾ, ನಾ ಹ್ವಾದ ಮ್ಯಾಲ ಇದಕ್ಕ ವಾರಸಾ ಹೆಂಗ ಮಾಡ್ತಾರ? ಇಬ್ಬರು ಗಂಡಮಕ್ಳ ಅದಾರ. ವಾಟ್ನಿ ಬರ್ತದೇನು?’

‘ವಾಟ್ನಿ ಬರೂದಿಲ್ರಿ ಕಾಕಾ. ಒಬ್ಬರ ಹೆಸರಿಗೇ ಇರಬೇಕು. ಯಾರು ದಿನಾ ನೋಡ್ತಾರೋ ಅವರಿಗೆ ಪಾಸ್‌ವರ್ಡ್ ಈಗಿಂದನ ತಿಳಿಸಿಡ್ರಿ.’

ಕಾಕಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಹಿರಿಯ ಮಗ ಹೊಲ ನೋಡುತ್ತಾನೆ, ಕಿರಿಯವನು ಮಾರುಕಟ್ಟೆಗೆ ಹೋಗುತ್ತಾನೆ. ವೆಬ್‌ಸೈಟಿನಿಂದ ಬರುವ ಮೆಸೇಜುಗಳಿಗೆ ಉತ್ತರ ಕೊಡುವವಳು ಸೊಲ್ಲಾಪುರಕ್ಕೆ ಕೊಟ್ಟ ಮಗಳು.

‘ಹಂಗಾದ್ರ ಅಕೀ ಹೆಸರಿಗೆ ಹಚ್ಚು,’ ಎಂದರು. ‘ಹೊಲದಾಗ ಅಂತೂ ಅಕೀ ಪಾಲು ಬ್ಯಾಡ ಅಂತ ಬರಕೊಟ್ಟಾಳ.’